ಗೋಮಾಳದ ಸುಣ್ಣದ ಕಲ್ಲುಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅನಿಲ ಕೊಳವೆ ಕಂಪನಿಯ ಅಧಿಕಾರಿಗಳೇ, ಕುರ್ಚಿ ಸಾಲದೆ ನಿಂತೇ ಇರುವ ಹರವೆಯ ಸಭಿಕರೇ,

ಘಟಕದ ಈ ಮೊದಲ ವಾರ್ಷಿಕೋತ್ಸವದಲ್ಲಿ ನನ್ನ ತಾಯಿ ಚಿಕ್ಕಮಾದಮ್ಮನಿಗೆ ಸನ್ಮಾನವಿದೆ. ಅವಳು ಬಂದಿಲ್ಲ. ಅವಳ ಪರವಾಗಿ ಎರಡು ಮಾತಾಡು ಎಂದು ಮ್ಯಾನೇಜರ್ ಶಾಂತಮಲ್ಲಪ್ಪನವರು ಹೇಳಿದರು. ನಾನು ಇಲ್ಲಿ ಗೇಟು ಕಾಯುವವನು. ತೆರೆ ಎಂದರೆ ತೆರೆಯುತ್ತೇನೆ, ಮುಚ್ಚು ಎಂದರೆ ಮುಚ್ಚುತ್ತೇನೆ. ಬಾಯಿಗೂ ಅದೇ ಅಭ್ಯಾಸ ಇದ್ದೀತೆಂದು ಅವರು ನಂಬಿರಬೇಕು.

ಸರ್ವೆ ಕಲ್ಲುಗಳನ್ನು ಕಾಪಾಡಿದ್ದಕ್ಕೆ ಈ ಸನ್ಮಾನ. ಕಾಪಾಡಿದ್ದು ನಿಜ. ಆದರೆ ಯಾಕೆ ಕಾಪಾಡಿದಳು?

ನಮ್ಮ ಗೋಮಾಳದಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಂಡವರು ಪಕ್ಕದಲ್ಲಿ ಕಲ್ಲಿಟ್ಟು, ಎಲೆಯಡಿಕೆ ಸಂಚಿಯ ಸುಣ್ಣ ಬಳಿಯುತ್ತಾರೆ. ಬಿಳಿ ಕಲ್ಲು ಕಂಡರೆ ಕುರಿಮಂದೆ ಬಳಸಿ ಹೋಗಬೇಕು. ಹತ್ತಿರ ಹೋಗಿ ಇಣುಕುವಂತಿಲ್ಲ, ಹಕ್ಕಿ ಮೊಟ್ಟೆ ಬಿಟ್ಟುಬಿಡುತ್ತದೆ. ಕೊಳವೆಯ ದಾರಿ ಗುರುತಿಸಲು ಸರ್ವೆಯವರೂ ಬಿಳಿ ಕಲ್ಲನ್ನೇ ಇಟ್ಟು ಹೋಗಿದ್ದರು. ಕುದೇರಿನ ಕುರಿಯವರು ಇಟ್ಟದ್ದೆಂದು ಅಲ್ಲೇ ಕುರಿ ಮೇಯಿಸುವ ಅವ್ವ ತಿಳಿದಳು. "ಈ ಸಲ ಅಕ್ಕಿಗೋಳು ಸಾಲಾಗಿ ಮೊಟ್ಟೆ ಮಡಗವೆ ಕಣ್ಲಾ" ಎಂದು ನಕ್ಕಳು. ನಮ್ಮೂರ ಲಿಂಗಯ್ಯ ಒಲೆಗೆಂದು ಒಂದು ಕಲ್ಲು ಎತ್ತಿದಾಗ, "ಮಡಗ್ಲಾ ಅಲ್ಲೇ! ನಿನ್ ಮನೆ ಕದ ಕಿತ್ರೆ ಸುಮ್ಕಿದ್ದೀಯಾ?" ಎಂದು ಬೈದಳು. ಬೇಸಿಗೆಯಿಡೀ ಕಾದಳು. ಆಮೇಲೆ ಜೆಸಿಬಿ ಬಂತು. ಅದು ಒಂದು ಬಿಳಿ ಕಲ್ಲಿನಿಂದ ಇನ್ನೊಂದು ಬಿಳಿ ಕಲ್ಲಿಗೆ ಅಗೆಯುತ್ತಾ ಹೋಯಿತು.

"ನಾನೇ ದಾರಿ ಕಾದ್ಕೊಟ್ಬುಟ್ನಲ್ಲಾ" ಎಂದಳು.

ಗೇಟು ಕಾಯುವುದಕ್ಕೆ ನನಗೆ ಸಂಬಳ ಬರುತ್ತಿದೆ. ನನ್ನ ಮಗಳು ಕುಮಾರಿ ಗುಂಡ್ಲುಪೇಟೆಯ ಕಾಲೇಜಿಗೆ ಹೋಗುತ್ತಿದ್ದಾಳೆ. ಇದನ್ನು ನಾನು ಮರೆಮಾಚುವುದಿಲ್ಲ. ಆದರೆ ಕೊಳವೆಯ ಮೇಲೆ ಪೊದೆ ಬೆಳೆಯಬಾರದೆಂದು ಸವರುತ್ತಲೇ ಇದ್ದಾರೆ. ಆ ಬಯಲು ಪಟ್ಟಿ ನಾಯಿ ನರಿಗಳಿಗೆ ರಾಜಬೀದಿಯಾಗಿದೆ. ಬೇಲಿ ಕಂಬದ ಮೇಲೆ ಕಾಗೆ ಮೊಟ್ಟೆಗಾಗಿ ಕಾದು ಕೂರುತ್ತದೆ. ಬೆಳಗ್ಗೆ ಗೌಜಲಹಕ್ಕಿ ಕೂಗಿದರೆ ಜನರೇಟರ್ ಸದ್ದಿನಲ್ಲಿ ಅದರ ಜೋಡಿಗೆ ಕೇಳಿಸೀತೇ? ಗೇಟಿನಲ್ಲಿ ನಿಂತ ನನಗಂತೂ ಕೇಳಿಸುತ್ತಿಲ್ಲ.

ಈಗ ಎರಡನೇ ಕೊಳವೆಗೆ ಗೋಮಾಳದ ಮೂಡಣ ಭಾಗವನ್ನು ಕೇಳಿದ್ದಾರೆ. ಉಳಿದಿರುವುದು ಅದೊಂದೇ. ಅದನ್ನು ಬಿಟ್ಟುಬಿಡಿ. ಹೀಗೆ ಕೇಳಿದ್ದಕ್ಕೆ ಕೆಲಸ ಹೋಗಬಹುದೆಂದು ನನಗೆ ಗೊತ್ತು.

ಇವತ್ತು ಬೆಳಗ್ಗೆ ಅಲ್ಲಿ ಅವ್ವನಿಗೆ ಟಿಟ್ಟಿಭದ ಮೊಟ್ಟೆ ಕಂಡಿತು. ಕಲ್ಲು ಎತ್ತಿಕೊಂಡಳು, ಸ್ವಲ್ಪ ಹೊತ್ತು ಹಿಡಿದು ನಿಂತಳು, ಕೆಳಗೆ ಹಾಕಿದಳು. "ಯಾಕವ್ವ?" ಎಂದು ಜೊತೆಗಿದ್ದ ನಾನು ಕೇಳಿದೆ.

"ಮಡಗ್ದೆ ಓದ್ರೆ ಕುರಿ ತುಳಿತವೆ. ಮಡಗುದ್ರೆ ಅಗ್ಯೋ ಮಿಸನ್ ಬತ್ತದೆ. ನೀನೇ ಏಳಪ್ಪ, ಏನ್ ಮಾಡನ?"

ಹಕ್ಕಿ ತಲೆಯ ಮೇಲೆ ಅರಚುತ್ತಾ ಸುತ್ತುತ್ತಿತ್ತು. ಅವ್ವ ಅದರತ್ತ ನೋಡದೆ ಮಂದೆಯನ್ನು ಮನೆಯ ಕಡೆ ತಿರುಗಿಸಿದಳು.

ನಿಂತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.