ಓದಿದ್ಯೇನಪ್ಪ?

ಈ ಸೀಮೆಯ ಅಷ್ಟೂ ದೆವ್ವಗಳು ನನ್ನನ್ನು ಕಂಡರೆ ದಾರಿ ಬಿಡುತ್ತವೆ. ಸುಳ್ಳು... ಕತ್ತಲಲ್ಲಿ ಬಚ್ಚಲಿಗೆ ಹೋಗಬೇಕಾದರೂ ಹೆಂಡತಿಯನ್ನು ಎಬ್ಬಿಸುವವನು ನಾನು. ಆದರೆ ನನ್ನ ಷಡ್ಡಕನಿಗೆ ಆದದ್ದು ಸುಳ್ಳಲ್ಲ. ಬೇಕಾದರೆ ಅವನ ತಲೆ ಮೇಲೆ ಕೈಯಿಟ್ಟು ಹೇಳುತ್ತೇನೆ. ನನ್ನ ತಲೆ ಬೇಡ.

ಷಡ್ಡಕ ಸಾಫ್ಟ್‌ವೇರ್ ಆಫೀಸಿನಲ್ಲಿ ಮ್ಯಾನೇಜರು. ಆ ರಾತ್ರಿ ತಡವಾಗಿ ಮನೆಗೆ ನಡೆದು ಹೊರಟಿದ್ದ. ಆಫೀಸಿನ ಹಿಂದೊಂದು ಹಾಳು ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅದರ ಪಕ್ಕಕ್ಕೆ ಬಂದಾಗ... ಟಕ್. ಟಕ್ ಟಕ್.

ನಿಂತ. ಸದ್ದೂ ನಿಂತಿತು.

ನೀರು ತೊಟ್ಟಿಕ್ಕುವ ಸದ್ದಲ್ಲ ಅದು. ಪ್ಲಾಸ್ಟಿಕ್ಕು ಹಲ್ಲಿಗೆ ತಾಗುವ ಸದ್ದು. ಅವನಿಗೆ ಚೆನ್ನಾಗಿ ಗೊತ್ತು. ಓದೋ ಅಕ್ಕ ಊಟದ ಬಿಡುವಿನಲ್ಲೂ ಈ ಬಾವಿಕಟ್ಟೆಯ ಮೇಲೆ ಕೂತು ಪೆನ್ನಿನ ಹಸಿರು ಮುಚ್ಚಳ ಕಚ್ಚುತ್ತಲೇ ಓದುತ್ತಿದ್ದಳು.

ಓದೋ ಅಕ್ಕ ಯಾರು ಅಂತೀರಾ? ಆ ಆಫೀಸಿನಲ್ಲೊಂದು ಕಟ್ಟುನಿಟ್ಟು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ, ‘ಓದಿದೆ’ ಅಂತ ಒತ್ತದೆ ಅದು ಸಾಫ್ಟ್‌ವೇರಿನ ಒಳಗೆ ಹೋಗುವಂತಿಲ್ಲ. ಆ ಓದುವ ಕೆಲಸ ಅಕ್ಕನದು. ಯಾರಾದರೂ ಅವಸರ ಮಾಡಿದರೆ ಕನ್ನಡಕದ ಮೇಲಿಂದ ನೋಡಿ, “ಬರೆದದ್ದನ್ನ ನೀನಾದ್ರೂ ಓದಿದ್ಯೇನಪ್ಪ?” ಅನ್ನುವಳು. ಕೇಳಿಸಿಕೊಂಡವನ ಮುಖ ಹುಳ್ಳಗಾಗುತ್ತಿತ್ತು.

ಆಮೇಲೆ ಕೋಡು ಬರೆಯುವ ಯಂತ್ರ ಬಂತು. ಜನ ವಾರಗಟ್ಟಲೆ ಹೆಣಗುತ್ತಿದ್ದದ್ದನ್ನು ಟೀ ಆರುವುದರೊಳಗೆ ಬರೆದು ಬಿಸಾಕುತ್ತದೆ. ತಪ್ಪನ್ನೂ ತಾನೇ ಹಿಡಿಯುತ್ತದೆ. ಹಿಡಿಯುವುದನ್ನು ಕಲಿಸಿದ್ದು ಅಕ್ಕನೇ. “ಅಕ್ಕಾ, ನಿಮ್ಮ ಓದು ಅದಕ್ಕೂ ಸ್ವಲ್ಪ ಹೇಳಿಕೊಡಿ” ಅಂತ ಷಡ್ಡಕ ಬೆಣ್ಣೆ ಹಚ್ಚಿದ. ಕಲಿಸಿ ಮುಗಿಸಿದ ದಿನವೇ, “ಅಕ್ಕಾ, ಇನ್ಮೇಲೆ ಓದೋಕೆ ಮನುಷ್ಯರು ಬೇಕಾಗಿಲ್ಲ” ಅಂತ ಮನೆಗೆ ಕಳಿಸಿದ.

ಅಕ್ಕ ಯಂತ್ರದ ಪರದೆ ನೋಡಿ ಮುಚ್ಚಳ ಒಮ್ಮೆ ಕಚ್ಚಿದಳಂತೆ... ಟಕ್. ಆ ಬೇಸಿಗೆಯಲ್ಲೇ ತೀರಿಕೊಂಡಳು.

ಅಂದಿನಿಂದ ಬರೆಯುವುದೂ ಯಂತ್ರ, ಓದುವುದೂ ಯಂತ್ರ. ಕಟ್ಟಳೆಗೊಂದು ಮನುಷ್ಯನ ಬೆರಳು ಬೇಕಲ್ಲ? ಅದು ಷಡ್ಡಕನದು. ಕಣ್ಣುಮುಚ್ಚಿ ಒತ್ತುತ್ತಿದ್ದ. ಆ ರಾತ್ರಿ ಕಳೆದು ಬೆಳಿಗ್ಗೆ ಹೊಸ ಸಾಫ್ಟ್‌ವೇರ್ ಬಿಡುಗಡೆಯಾದರೆ ದೊಡ್ಡ ಸಾಹೇಬರ ಪಕ್ಕದ ಕುರ್ಚಿ ಅವನಿಗೇ ಅಂತ ಮಾತಾಗಿತ್ತು.

ಬಾವಿಯ ಪಕ್ಕ ನಿಂತಿದ್ದಾಗಲೇ ಫೋನು ಗುಂಯ್‌ಗುಟ್ಟಿತು. ಕೊನೆಯದೊಂದು ಬದಲಾವಣೆ ಒಪ್ಪಿಗೆಗೆ ಕಾಯುತ್ತಿತ್ತು. ಒತ್ತಿದ. ಯಂತ್ರ ಯಾವತ್ತೂ ಕೇಳದ್ದನ್ನು ಕೇಳಿತು.

‘ಓದಿದ್ಯೇನಪ್ಪ?’

ನನ್ನದೇ ಕಿತಾಪತಿ ಅಂದುಕೊಂಡನಂತೆ. ಇಲ್ಲ ಸ್ವಾಮಿ, ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ.

‘ಹೌದು’ ಒತ್ತಿದ. ಜಾಲರಿಯ ಕೆಳಗೆ... ಟಕ್.

‘ಪೂರ್ತಿ ಓದಿದ್ಯೇನಪ್ಪ?’

‘ಹೌದು.’ ಟಕ್ ಟಕ್. ಈಗ ಇನ್ನೂ ಮೇಲೆ, ಜಾಲರಿಗೆ ಹತ್ತಿರ.

‘ಇನ್ನೊಂದ್ಸಲ ಕೇಳ್ತೀನಿ. ಓದಿದ್ಯೇನಪ್ಪ?’

“ಓದಿದೀನಿ ಕಣಕ್ಕಾ... ಬಿಟ್ಬಿಡು” ಅಂತ ಪಿಸುಗುಟ್ಟಿ, ಒತ್ತಿ, ಓಟ ಕಿತ್ತ.

ಬಾಗಿಲು ತೆಗೆದ ಹೆಂಡತಿ ಅವನ ಹಿಂದಕ್ಕೆ ಇಣುಕಿದಳು.

“ಜೊತೇಲಿ ಯಾರ್ರೀ?”

“ಯಾರೂ ಇಲ್ಲ ಕಣೇ.”

“ಮತ್ತೆ ಆಯಮ್ಮ ಯಾಕೆ ಗೇಟಲ್ಲೇ ನಿಂತ್ಕೊಂಡ್ರು?”

ಬೆಳಿಗ್ಗೆ ಆಫೀಸಿನ ಗಾಜಿನ ಬಾಗಿಲಿಗೆ ಕಾರ್ಡು ಹಿಡಿದ. ಕುಯ್ಞ್... ತೆರೆಯಲಿಲ್ಲ. ಒಳಗಿನಿಂದ ದೊಡ್ಡ ಸಾಹೇಬರು ನಗುನಗುತ್ತ ಬಂದರು.

“ಬಿಡುಗಡೆ ಆಯ್ತು ಕಣ್ರೀ, ಒಂದೂ ತಪ್ಪಿಲ್ಲ! ಕೊನೇ ಬದಲಾವಣೆ ಅಂತೂ ಭಲೇ. ಅದು ಒಪ್ಪಿಗೆ ಕೊಡೋ ಕೆಲಸಾನೂ ಯಂತ್ರಕ್ಕೇ ವಹಿಸಿ, ನಿಮ್ಮ ಕಾರ್ಡೂ ರದ್ದು ಮಾಡಿದೆ. ನೀವೇ ಒಪ್ಪಿದೀರಿ. ಯಂತ್ರ ಮೂರು ಸಲ ಕೇಳಿದೆ, ಮೂರು ಸಲಾನೂ ಓದಿದೀನಿ ಅಂದಿದೀರಿ. ಇನ್ಮೇಲೆ ಒತ್ತೋಕೂ ಮನುಷ್ಯರು ಬೇಕಾಗಿಲ್ಲ!”

“ಬರೆದದ್ದು... ಯಾರು ಸಾರ್?”

ಸಾಹೇಬರು ಫೋನು ತಿರುಗಿಸಿ ತೋರಿಸಿದರು. ಬರೆದವರ ಜಾಗದಲ್ಲಿ ಅಕ್ಕನ ಹೆಸರು.

“ಕಲಿಸಿದವರು ಅವರೇ ಅಲ್ವಾ, ಅದಕ್ಕೇ ಇರಬೇಕು” ಅಂದು ಸಾಹೇಬರು ಒಳಗೆ ಹೋದರು.

ಷಡ್ಡಕ ಬಾವಿಯ ದಾರಿಯಲ್ಲೇ ವಾಪಸು ಬಂದ. ಸುಡುಸುಡು ಬಿಸಿಲು. ಜಾಲರಿಯ ಮೇಲೆ ಹಸಿರು ಪೆನ್ನಿನ ಮುಚ್ಚಳವೊಂದು ಬಿದ್ದಿತ್ತು. ಮೈತುಂಬ ಹಲ್ಲಿನ ಗುರುತು. ಎತ್ತಿಕೊಂಡರೆ... ಎಂಜಲು ಇನ್ನೂ ಹಸಿ.

ನಡೆದದ್ದು ಇದು, ಒಂದಕ್ಷರ ಸೇರಿಸಿಲ್ಲ. ನಂಬಲ್ವಾ? ಮನೇಲಿ ಇಟ್ಟುಕೊಳ್ಳೋಕೆ ಹೆದರಿ ಮುಚ್ಚಳ ನನಗೇ ಕೊಟ್ಟ. ಈ ಜೇಬಲ್ಲಿದೆ, ಕೈ ಹಾಕಿ ನೋಡಿ... ಮುಚ್ಚಳ ಬಿಟ್ಟು ಬೇರೇನೂ ಸಿಗಲ್ಲ. ಅದಕ್ಕೇ ಹೇಳ್ತಿರೋದು, ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ.