ಹಿಂದಿನಿಂದ ತೆಗೆದ ಫೋಟೊ

ಬಸ್ಸಿಗೆ ಸಾಲಿನಲ್ಲಿ ನಿಂತಿದ್ದ ಟೀಚರಿಗೆ, ಮುಂದಿದ್ದ ಸಲೂನಿನ ಯಜಮಾನನ ಮತ್ತು ಅವನ ಹೆಂಡತಿಯ ಮಾತು ಕಿವಿಗೆ ಬಿತ್ತು. ಅವನ ಕೈಯಲ್ಲಿ ಮಗಳು ಕೊಡಿಸಿದ ಹೊಸ ಡಿಜಿಟಲ್ ಕ್ಯಾಮೆರಾ.

“ಗುಂಡಿ ಅರ್ಧ ಒತ್ತಿ ಹಿಡೀಬೇಕಂತೆ. ಹಸಿರು ಚೌಕ ಬಂದ್ಮೇಲೆ ಪೂರ್ತಿ.”

“ಬಂತಾ? ತಿರುಗ್ಲಾ?”

“ತೆಗೆದೂ ಆಯ್ತು, ನೋಡು.”

“ಅಯ್ಯೋ, ಮುಖ ಎಲ್ರೀ? ಬರೀ ತುರುಬು!”

“ಕಟಿಂಗ್ ಆದ್ಮೇಲೆ ಕನ್ನಡಿ ಹಿಡಿದು ಹಿಂದ್ಗಡೆ ತೋರಿಸ್ತೀನಲ್ಲ, ಅದೇ ಅಭ್ಯಾಸ ಕಣೇ.”

“ಇಷ್ಟೊಂದು ನರೆತಿದೆಯಾ? ಹೇಳಲೇ ಇಲ್ವಲ್ಲ ನೀವು!”

“ಯಾಕೆ ಹೇಳ್ಲಿ? ಮದುವೆ ಆದಾಗಿಂದ ನೀನು ಮುಂದೆ, ನಾನು ಹಿಂದೆ. ನಂಗೆ ದಿನಾ ಕಾಣೋ ಚೆಂದ ಇದೇ.”

ಹೆಂಡತಿ ಕ್ಯಾಮೆರಾಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಬಸ್ಸು ಬಂತು.

“ಕೊಡಿ ಇಲ್ಲಿ. ಇವತ್ತು ನೀವು ಮುಂದೆ ಹತ್ತಿ.”

“ಯಾಕೇ?”

“ನಿಮ್ಮ ಬೋಳುತಲೆಯ ಚೆಂದ ನೀವೂ ನೋಡ್ಬೇಡ್ವಾ? ಅರ್ಧ ಒತ್ತಿದೀನಿ, ಅಲ್ಲಾಡ್ಬೇಡಿ!”