ಮೂರು ಮೇಜು ಹಾಕಿದ ಸಭೆ

ಸಭೆಯವರೇ, ಕೇಳಿ. ನಮ್ಮೂರಿನಂಥದ್ದೇ ಒಂದು ಊರು, ಅಲ್ಲೊಬ್ಬ ಶ್ರೀಮಂತ. ಅಕ್ಕಿ ಗಿರಣಿಯ ಯಜಮಾನ. ಅವನಿಗಿದ್ದ ಕೊರಗು ಒಂದೇ. ಅವನು ಹುಟ್ಟಿದ್ದು ಪ್ರಾಟೆಸ್ಟೆಂಟ್ ಮನೆಯಲ್ಲಿ, ಕೈಹಿಡಿದದ್ದು ಕಥೋಲಿಕ ಹುಡುಗಿಯನ್ನು. ಮದುವೆಯಾದಾಗಿನಿಂದ ತಲೆ ನರೆಯುವವರೆಗೂ ಭಾನುವಾರ ಇಬ್ಬರೂ ಒಟ್ಟಿಗೆ ಮನೆ ಬಿಡುತ್ತಿದ್ದರು. ಸರ್ಕಲ್ಲಿನವರೆಗೆ ಜೊತೆ. ಅಲ್ಲಿಂದ ಅವಳು ಎಡಕ್ಕೆ ತನ್ನ ಚರ್ಚಿಗೆ, ಇವನು ಬಲಕ್ಕೆ ತನ್ನ ಚರ್ಚಿಗೆ. ನೋಡಿ, ಮನೆಯಲ್ಲಿ ಒಟ್ಟಿಗೆ ಕೂತು ಉಣ್ಣುವ ಗಂಡ ಹೆಂಡತಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಮೇಜಿನಲ್ಲಿ ಒಂದು ದಿನವೂ ಜೊತೆಗೆ ಉಣ್ಣಲಿಲ್ಲ!

ಅವಳಿಗೆ ಹೃದಯದ ಕಾಯಿಲೆ ಶುರುವಾಯಿತು. ಒಂದು ದಿನ ಅವಳೇ ಬಾಯಿಬಿಟ್ಟು ಕೇಳಿದಳು: "ರೀ, ನಾನು ಹೋಗೋದ್ರೊಳಗೆ ಒಂದ್ಸಲ ನಿಮ್ ಪಕ್ಕ ನಿಂತ್ಕೊಂಡು ಪ್ರಸಾದ ತಗೋಬೇಕು ಕಣ್ರೀ. ಅಷ್ಟು ಮಾಡಿ ಸಾಕು."

ಅಷ್ಟಕ್ಕಾಗಿ ಅವನು ಗಿರಣಿಯ ಗೋದಾಮು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಎಲ್ಲ ಪಂಗಡದವರೂ ಕೂಡಿ ಪ್ರಾರ್ಥಿಸುವ ಹೊಸ ಸಭೆ ಕಟ್ಟಿದ. ಕಥೋಲಿಕರು ಬಂದರು, ಪ್ರಾಟೆಸ್ಟೆಂಟರು ಬಂದರು, ಪೆಂತೆಕೋಸ್ತಿನವರೂ ಬಂದರು. ತಬ್ಬಿಕೊಂಡರು, ಅತ್ತರು, ಬಿರಿಯಾನಿ ತಿಂದರು. ಬಿರಿಯಾನಿಗೆ ಯಾರೂ ಜಗಳ ಆಡಲಿಲ್ಲ, ನೋಡಿ!

ಜಗಳ ಬಂದದ್ದು ಮೊದಲ ಸಲದ ಕರ್ತನ ಭೋಜನಕ್ಕೆ. ಒಬ್ಬರಿಗೆ ತೆಳು ಬಿಳಿ ಬಿಲ್ಲೆಯೇ ಆಗಬೇಕು, ಇನ್ನೊಬ್ಬರಿಗೆ ಮುರಿಯುವ ರೊಟ್ಟಿಯೇ ಆಗಬೇಕು. ದ್ರಾಕ್ಷಾರಸಕ್ಕೆ ಒಂದೇ ಪಾತ್ರೆಯೋ, ಪುಟ್ಟ ಗ್ಲಾಸುಗಳೋ? ಮೊಣಕಾಲೂರಬೇಕೋ, ನಿಲ್ಲಬೇಕೋ? ಒಡವೆ ಪಾಪವೆನ್ನುವವರು ಕೇಳಿದರು: ಓಲೆ ಹಾಕಿದವರಿಗೆ ಕೊಡಬಹುದೋ, ಇಲ್ಲವೋ? ಕಮಿಟಿ ಕೂತಿತು. ಕಮಿಟಿ ಕೂತ ಮೇಲೆ ಕೇಳಬೇಕೆ? ಮೂರು ಮೇಜು ಎಂದು ತೀರ್ಮಾನವಾಯಿತು. ಅವರವರ ಸಾಲು ಅವರವರಿಗೆ, ಯಾರ ಮನಸ್ಸಿಗೂ ನೋವಿಲ್ಲವಂತೆ! ಹೆಂಡತಿ ಕೇಳಿದ್ದು ಇದನ್ನಲ್ಲ ಎಂದು ಶ್ರೀಮಂತನಿಗೆ ಗೊತ್ತಿತ್ತು. ಆದರೂ ಸಭೆ ಒಡೆದೀತೆಂಬ ಹೆದರಿಕೆಗೆ, "ಆಗ್ಲಿ ಬಿಡಿ, ಮುಂದೆ ಸರಿಹೋಗುತ್ತೆ" ಅಂದುಬಿಟ್ಟ.

ಭಾನುವಾರ ಅವಳು ಒಳಗೆ ಕಾಲಿಟ್ಟು ಮೂರೂ ಮೇಜು ನೋಡಿದಳು. "ಮೊದ್ಲು ಸರ್ಕಲ್‌ವರ್ಗಾದ್ರೂ ಜೊತೆಗಿರ್ತಿದ್ವಿ. ಈಗ ಬಾಗ್ಲು ದಾಟಿದ ಕೂಡ್ಲೇ ಬೇರೆ ಆಗ್ಬೇಕೇನ್ರೀ?"

ಅವನು ತನ್ನ ಸಾಲಿಗೆ ಹೋದ. ಅವಳು ಗೋಡೆ ಹಿಡಿದುಕೊಂಡು ನಡೆದು ಬಂದು ಅವನ ಪಕ್ಕದಲ್ಲೇ ನಿಂತಳು. ಅವನ ಪಾಲಿನ ತುಂಡು ಅವನ ಬಾಯಿಗೆ ಹೋಯಿತು. ಅವಳು ಕೈ ಚಾಚಿದಳು. ಸಭೆಯ ಹಿರಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಅಮ್ಮಾವ್ರೇ, ನಿಮ್ದು ಆ ಕಡೆ ಮೇಜು. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬಾರದಂತೆ! ಅವಳಿಗಾಗಿ ಕಟ್ಟಿದ ಸಭೆಯಲ್ಲಿ ಅವಳದೇ ಕೈ ಖಾಲಿ! ಗಂಡ ಏನು ಮಾಡಿದ? ಜಗಳ ಮಾಡಿದನೇ? ತಟ್ಟೆ ಕಿತ್ತುಕೊಂಡು ಅವಳಿಗೆ ಕೊಟ್ಟನೇ? ಇಲ್ಲ. ನುಂಗಿದ. ನುಂಗಿ ನೆಲ ನೋಡಿದ. ಅವಳು ಸೆರಗು ಹೊದ್ದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಎರಡನೆಯ ಭೋಜನಕ್ಕೆ ಅವಳು ಇರಲಿಲ್ಲ. ಅವಳ ಮಣ್ಣಿಗೆ ಮೂರು ಸಾಲಿನವರೂ ಒಟ್ಟಿಗೆ ಬಂದು ಒಂದೇ ದನಿಯಲ್ಲಿ ಹಾಡಿದರು. ಸತ್ತ ಮೇಲೆ ಒಂದಾಗುವುದಕ್ಕೆ ನಮಗೆ ಕಷ್ಟವೇ ಇಲ್ಲ! ಶ್ರೀಮಂತ ಗುಂಡಿಯ ಪಕ್ಕ ನಿಂತು ಮಗುವಿನ ಹಾಗೆ ಅತ್ತ.

ಆ ಹಿರಿಯನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೀರಿ ಅಲ್ಲವೇ? ತಡೆಯಿರಿ. ಮೊನ್ನೆ ಬುಧವಾರ ನಮ್ಮದೇ ಮೀಟಿಂಗಿನಲ್ಲಿ, ಇದೇ ಬೆಂಚುಗಳ ಮೇಲೆ ಕೂತು, "ಬೇರೆ ಬೇರೆ ಮೇಜು ಹಾಕಿದ್ರೆ ಅನುಕೂಲ" ಅಂದವರು ಯಾರು? ಸುಮ್ಮನೆ ಕೇಳಿಸಿಕೊಂಡು ಕಾಫಿ ಕುಡಿದವರು ಯಾರು? ನೀವು! ನಮ್ಮ ಸಭೆ ಇನ್ನೂ ಎಳೆಗೂಸು, ಆಗಲೇ ಪಾಲು ಮಾಡಲು ಹೊರಟಿದ್ದೀರಿ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಶಿಲುಬೆ ಗುರುತು ಹಾಕಿಕೊಳ್ಳುವವರನ್ನು ಕಂಡು ಪಕ್ಕದವರನ್ನು ತಿವಿದು ನಗುವುದು ಇವತ್ತಿಗೆ ನಿಲ್ಲಬೇಕು. ಕೈತಟ್ಟಿ ಹಾಡುವವರನ್ನು ಕಂಡು ಮುಖ ಸಿಂಡರಿಸುವುದೂ ನಿಲ್ಲಬೇಕು. ಈ ವಾರ ಅವರ ಮನೆಗೆ ಹೋಗಿ, ಅವರು ಬಡಿಸಿದ್ದನ್ನು ಉಣ್ಣಿ. ಬರುವ ಭಾನುವಾರ ಇಲ್ಲಿ ಮೇಜು ಒಂದೇ. ತಟ್ಟೆ ಬಂದಾಗ ಮೊದಲು ಪಕ್ಕದವರಿಗೆ ಕೊಡಿ, ಯಾವ ಕಡೆಯವರೆಂದು ಕೇಳಬೇಡಿ. ಕೊಡಲು ಮನಸ್ಸಿಲ್ಲದಿದ್ದರೆ ನೀವೂ ತಿನ್ನಬೇಡಿ. ಚಾಚಿದ ಕೈಯಿಂದ ಯಾರಾದರೂ, ನಾನೇ ಆಗಲಿ, ತಟ್ಟೆ ಹಿಂದಕ್ಕೆಳೆದರೆ ಆ ಕ್ಷಣವೇ ಎದ್ದು ನಿಂತು ಮಾತಾಡಿ. ಆಮೇಲೆ ಅತ್ತರೆ ಅವಳಿಗೇನು ಬಂತು?